ಡಿಬಿಟಿ ಅರ್ಧದಲ್ಲೇ ಕೈಬಿಡದಿರಲು: ಮೊದಲ ಭೇಟಿಯಿಂದ ಮನೆಯ ಮಾತುಕತೆವರೆಗೆ, ಹಂತ ಹಂತವಾಗಿ

ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂದರೆ ಕುದಿಯುವ ಭಾವನೆಗಳನ್ನು ಹತೋಟಿಗೆ ತರುವ ಕೌಶಲ ಕಲಿಸುವ ಮಾತಿನ ಚಿಕಿತ್ಸೆ. ಎಲ್ಲರೂ ಅದನ್ನು ಡಿಬಿಟಿ ಎಂದೇ ಕರೆಯುತ್ತಾರೆ. "ಅದನ್ನೂ ಮಾಡಿ ನೋಡಿದೆ, ನನಗೆ ಹತ್ತಲಿಲ್ಲ" ಎನ್ನುವವರನ್ನು ಸ್ವಲ್ಪ ಬಿಡಿಸಿ ಕೇಳಿದರೆ ಹೆಚ್ಚುಕಡಿಮೆ ಒಂದೇ ಕಥೆ ಹೊರಬರುತ್ತದೆ. ಮುಖಕ್ಕೆ ಐಸ್ ಹಿಡಿಯುವ ರೀಲ್ ಎಲ್ಲೋ ನೋಡಿರುತ್ತಾರೆ, ಉಸಿರಾಟದ ಆ್ಯಪ್ ಹಾಕಿಕೊಂಡಿರುತ್ತಾರೆ. ಮನಸ್ಸು ಕುದಿಯುತ್ತಿರುವ ರಾತ್ರಿಯೇ ಅದರ ಮೊದಲ ಪ್ರಯೋಗ. ಕೆಲಸ ಮಾಡಲಿಲ್ಲವೆಂದು ಅಲ್ಲಿಗೇ ಬಿಟ್ಟಿರುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ. ಥೆರಪಿಸ್ಟ್ ಹತ್ತಿರ ಹೋದವರ ಕಥೆಯೂ ದೂರದ್ದಲ್ಲ: ಕೆಲವು ವಾರಕ್ಕೆ ಡೈರಿ ಕಾರ್ಡ್ (ದಿನದಿನದ ಭಾವನೆ, ತುಡಿತ ಗುರುತಿಡುವ ಹಾಳೆ) ಖಾಲಿ ಉಳಿಯುತ್ತದೆ, ಖಾಲಿ ಕಾರ್ಡ್ ಹಿಡಿದು ಹೋಗಲು ನಾಚಿಕೆಯಾಗುತ್ತದೆ, ಸೆಷನ್ ತಪ್ಪುತ್ತದೆ.

ಈ ಚಿಕಿತ್ಸೆಯಲ್ಲಿ ಒಂದೊಂದು ಕೌಶಲಕ್ಕಿಂತ ಅವುಗಳನ್ನು ಕೈಗೆತ್ತಿಕೊಳ್ಳುವ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಮೇಲಿನಿಂದಲೇ ಹಿಡಿಯಿರಿ. ಏಳನೆಯದಕ್ಕೆ ನೇರ ಹಾರುವವರೇ ಹೆಚ್ಚು, ಬಿಡುವವರೂ ಅವರೇ.

ಓದುವ ಮುಂಚೆ ಒಂದು ಮಾತು. ಸಾಯಬೇಕೆಂಬ ಯೋಚನೆ ಈಗಲೇ ಕಾಡುತ್ತಿದ್ದರೆ ಇದನ್ನು ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯವಿದ್ದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆ.

ಹಂತ 1: ಈ ಚಿಕಿತ್ಸೆ ನಿಮಗೆ ಬೇಕೇ, ಮೊದಲು ನೋಡಿ

ಡಿಬಿಟಿ ರೂಪುಗೊಂಡದ್ದು ಪದೇ ಪದೇ ತಮಗೆ ತಾವೇ ಹಾನಿ ಮಾಡಿಕೊಳ್ಳುವವರಿಗಾಗಿ, ಅದರಲ್ಲೂ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ವ್ಯಕ್ತಿತ್ವದ ತೊಂದರೆ ಇರುವವರಿಗಾಗಿ. ಇಂಥವರಿಗೆ ಭಾವನೆ ಬೇಗ ಏರುತ್ತದೆ, ಬೇರೆಯವರಿಗಿಂತ ಎತ್ತರಕ್ಕೆ ಹೋಗುತ್ತದೆ, ಇಳಿಯಲು ಹೊತ್ತು ಹಿಡಿಯುತ್ತದೆ. ಅದರ ಜೊತೆಗೆ "ಅಷ್ಟಕ್ಕೆಲ್ಲ ಅಳ್ತಾರಾ?" ಎನ್ನುವ ಮನೆಯಲ್ಲಿ ಬೆಳೆದಿದ್ದರೆ ತನ್ನ ಭಾವನೆಯನ್ನೇ ನಂಬದ ಸ್ಥಿತಿ ಬರುತ್ತದೆ. ಹುಟ್ಟಿನಿಂದ ಬಂದ ಸೂಕ್ಷ್ಮತೆ, ಅದನ್ನು ತಳ್ಳಿಹಾಕುವ ಸುತ್ತಲಿನವರು, ಇವೆರಡು ಸೇರಿದಾಗ ತೊಂದರೆ ಬೇರುಬಿಡುತ್ತದೆ ಎಂಬುದೇ ಡಿಬಿಟಿಯ ಮೂಲ ಲೆಕ್ಕಾಚಾರ. ಮಿತಿಮೀರಿ ತಿನ್ನುವ ಕಾಯಿಲೆ, ಮಾದಕವಸ್ತುಗಳ ಚಟ, ಹದಿಹರೆಯದವರ ತೊಂದರೆಗಳಿಗೂ ಇದನ್ನು ಹೊಂದಿಸಿಕೊಂಡಿದ್ದಾರೆ.

ಪರೀಕ್ಷೆ ಹತ್ತಿರ ಬಂದಾಗಿನ ಭಯಕ್ಕೆ, ಒಂದು ಪ್ರೇಮಭಂಗಕ್ಕೆ ಒಂದು ವರ್ಷದ ಡಿಬಿಟಿ ಬೇಕಿಲ್ಲ, ಸಾಮಾನ್ಯ ಕೌನ್ಸೆಲಿಂಗ್ ಸಾಕು. ಇಲ್ಲದ ದನಿಗಳು ಕೇಳುತ್ತಿದ್ದರೆ, ನಾಲ್ಕಾರು ದಿನ ನಿದ್ದೆಯಿಲ್ಲದೆಯೂ ದಣಿವೇ ಆಗದಷ್ಟು ಉತ್ಸಾಹ ಉಕ್ಕುತ್ತಿದ್ದರೆ ಮೊದಲು ಮನೋವೈದ್ಯರನ್ನು ಕಾಣಬೇಕು. ಇನ್ನು ರೋಗನಿರ್ಣಯವನ್ನು ಇನ್‌ಸ್ಟಾಗ್ರಾಮ್ ನೋಡಿ ನೀವೇ ಮಾಡಿಕೊಳ್ಳಬೇಡಿ. ಬಾರ್ಡರ್‌ಲೈನ್ ಎನ್ನಲು ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು, ಅವು ವರ್ಷಗಳಿಂದ ನಡೆದುಬಂದಿರಬೇಕು. ಕೆಟ್ಟ ತಿಂಗಳೊಂದನ್ನು ಅದಕ್ಕೆ ಅಳತೆ ಹಿಡಿಯಲಾಗದು.

ಹಂತ 2: ಸರಿಯಾದ ಜನರನ್ನು ಹುಡುಕಿ, ಕೇಳಬೇಕಾದ್ದನ್ನು ಕೇಳಿ

ಪೂರ್ಣ ಡಿಬಿಟಿಗೆ ನಾಲ್ಕು ಅಂಗ. ವಾರಕ್ಕೊಂದು ವೈಯಕ್ತಿಕ ಸೆಷನ್. ವಾರಕ್ಕೊಮ್ಮೆ ಎರಡು ಗಂಟೆಗೂ ಮೇಲೆ ನಡೆಯುವ, ಹಲವರನ್ನು ಸೇರಿಸಿ ಕೌಶಲ ಕಲಿಸುವ ಸ್ಕಿಲ್ಸ್ ಗ್ರೂಪ್. ಬಿಕ್ಕಟ್ಟಿನ ಹೊತ್ತಲ್ಲಿ ಫೋನ್ ಕೋಚಿಂಗ್. ಕೊನೆಯದು ಥೆರಪಿಸ್ಟ್‌ಗಳು ತಮ್ಮತಮ್ಮಲ್ಲೇ ಸೇರಿ ಕೇಸುಗಳನ್ನು ಚರ್ಚಿಸುವ ತಂಡ. ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಆದರೆ ಅದಿಲ್ಲದಿದ್ದರೆ ಥೆರಪಿಸ್ಟ್ ಬೇಗ ಸೋಲುತ್ತಾರೆ.

ನಾಲ್ಕೂ ಒಂದೇ ಕಡೆ ಸಿಗುವ ತಂಡ ನಮ್ಮಲ್ಲಿ ಕಡಿಮೆ, ಬೆಂಗಳೂರಿನ ಹೊರಗಂತೂ ಕಷ್ಟ. ಹೆಚ್ಚಿನವರು ಕೊಡುವುದು ಡಿಬಿಟಿಯ ಕೌಶಲಗಳನ್ನು ಬೆರೆಸಿದ ಚಿಕಿತ್ಸೆ. ಅದು ಮೋಸವಲ್ಲ, ಆದರೆ ಯಾವುದನ್ನು ಕೊಡುತ್ತಿದ್ದಾರೆಂಬುದು ನಿಮಗೆ ಗೊತ್ತಿರಲಿ. ಮೊದಲ ಫೋನಿನಲ್ಲೇ ಕೇಳಿ: ಡಿಬಿಟಿ ತರಬೇತಿ ಎಲ್ಲಿ ಆಯಿತು? ಗ್ರೂಪ್ ಇದೆಯೇ? ಡೈರಿ ಕಾರ್ಡ್ ಬಳಸುತ್ತೀರಾ? ಸೆಷನ್‌ಗಳ ನಡುವೆ ಕರೆ ಮಾಡಬಹುದೇ, ಯಾವ ಹೊತ್ತಿನವರೆಗೆ? "ಕಾರ್ಡ್‌ಗೀರ್ಡ್ ಎಲ್ಲ ಬೇಡ, ಬಂದು ಮಾತಾಡಿ ಸಾಕು" ಎಂದರೆ ಅವರು ಒಳ್ಳೆಯ ಕೌನ್ಸೆಲರ್ ಇರಬಹುದು, ಆದರೆ ಅಲ್ಲಿ ನಡೆಯುವುದು ಡಿಬಿಟಿ ಅಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇರಬೇಕು. ಕೇಳಿದರೆ ಬೇಜಾರಾಗುವಂಥ ಪ್ರಶ್ನೆಯಲ್ಲ ಅದು. ದುಡ್ಡಿನ ತೊಂದರೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಹೋಗಿ. ಊರಲ್ಲೇ ಇರುವವರು ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಶುರುಮಾಡಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗಳೂ ಇವೆ. ಅಲ್ಲಿ ಡಿಬಿಟಿ ಸಿಗುತ್ತದೆಂದಲ್ಲ, ತಪಾಸಣೆ ಮತ್ತು ಔಷಧಿ ಸಿಗುತ್ತದೆ, ಮುಂದಿನ ದಾರಿ ತಿಳಿಯುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಿಬಿಟಿ ಶುರುವಾಯಿತೆಂದು ಅದನ್ನು ನಿಲ್ಲಿಸಬಾರದು.

ಹಂತ 3: ಒಪ್ಪಂದ. ಬರೆದು, ಜೋರಾಗಿ ಓದಿ

ಮೊದಲ ಕೆಲವು ಭೇಟಿಗಳಲ್ಲಿ ಚಿಕಿತ್ಸೆ ಶುರುವಾಗುವುದೇ ಇಲ್ಲ. ಇದನ್ನು ತಿಳಿಯದೆ "ಮೂರು ಸಲ ಹೋದೆ, ಬರೀ ನಿಯಮ ಹೇಳಿದರು" ಎಂದು ಬಿಡುವವರಿದ್ದಾರೆ. ಆ ಭೇಟಿಗಳಿರುವುದು ಒಪ್ಪಂದಕ್ಕಾಗಿ: ಸಾಮಾನ್ಯವಾಗಿ ಒಂದು ವರ್ಷ ಇರುತ್ತೇನೆ, ನನಗೆ ನಾನೇ ಹಾನಿ ಮಾಡಿಕೊಳ್ಳುವುದನ್ನು ನಿಲ್ಲಿಸುವುದು ಮೊದಲ ಗುರಿ, ಕೊಟ್ಟ ಹೋಮ್‌ವರ್ಕ್ ಮಾಡುತ್ತೇನೆ.

ಥೆರಪಿಸ್ಟ್ ಬೇಕಂತಲೇ ಅಡ್ಡ ಮಾತಾಡಬಹುದು. "ಇದು ಕಷ್ಟದ ಕೆಲಸ, ನೀವು ಯಾಕೆ ಮಾಡಬೇಕು?" ಎನ್ನಬಹುದು. ನಿಮ್ಮ ಬಾಯಿಂದಲೇ ಕಾರಣ ಹೊರಡಿಸುವ ಉಪಾಯ ಅದು. ಕಾರಣ ಹೊರಟ ಕೂಡಲೇ ಬರೆದಿಡಿ. ಬಿಡೋಣ ಅನ್ನಿಸುವ ದಿನ ಬಂದೇ ಬರುತ್ತದೆ, ಆವತ್ತು ಓದಲು ಬೇಕು.

ಸತತ ನಾಲ್ಕು ವೈಯಕ್ತಿಕ ಸೆಷನ್ ಅಥವಾ ಸತತ ನಾಲ್ಕು ಗ್ರೂಪ್ ತಪ್ಪಿಸಿದರೆ ಕಾರ್ಯಕ್ರಮದಿಂದ ಹೊರಗೆ ಎನ್ನುವುದು ಮೂಲ ನಿಯಮ. ಕಾರಣ ಎಷ್ಟೇ ಒಳ್ಳೆಯದಿದ್ದರೂ ಲೆಕ್ಕಕ್ಕಿಲ್ಲ. ಕಠಿಣ ಅನ್ನಿಸಿದರೂ ನನ್ನ ಮಟ್ಟಿಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ದಯೆಯ ನಿಯಮ. ಮೂರು ತಪ್ಪಿಸಿದ ಮೇಲೂ ಬಾಗಿಲು ತೆರೆದಿದೆ ಎಂದು ಅದು ಹೇಳುತ್ತದೆ.

ಒಂದು ತಪ್ಪು ಇಲ್ಲೇ ಆಗುವಂಥದ್ದು. ಬಾಲ್ಯದಲ್ಲಿ ಆದ ಆಘಾತವನ್ನು ಮೊದಲ ತಿಂಗಳೇ ಬಿಚ್ಚಿಡಬೇಕೆಂಬ ಆತುರ. ಹಾನಿ ಮಾಡಿಕೊಳ್ಳುವುದು ಹತೋಟಿಗೆ ಬಂದ ಮೇಲೆ ಅದರ ಸರದಿ. ಮೊದಲೇ ಕೆದಕಿದರೆ ತಡೆದುಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ.

ಹಂತ 4: ಡೈರಿ ಕಾರ್ಡ್, ಇಡೀ ಚಿಕಿತ್ಸೆಯ ಕೀಲಿ

ಬೇಕಾದ ಸಾಮಾನು ಇಷ್ಟೇ: ಅಂಗೈಯಗಲದ ನೋಟ್‌ಬುಕ್, ಅದಕ್ಕೇ ಕಟ್ಟಿದ ಪೆನ್ನು, ಫೋನಿನಲ್ಲಿ ಅಲಾರಂ. ಏಳನೇ ಹಂತಕ್ಕೆ ಒಂದು ಅಗಲ ಪಾತ್ರೆಯೋ ಕೋಲ್ಡ್ ಪ್ಯಾಕೋ ಬೇಕಾಗುತ್ತದೆ. ಮುದ್ರಿತ ಕಾರ್ಡ್ ಕೊಟ್ಟರೆ ಅದನ್ನೇ ಬಳಸಿ, ಇಲ್ಲವಾದರೆ ಗೆರೆ ಎಳೆದುಕೊಳ್ಳಿ.

ದಿನಕ್ಕೊಂದು ಸಾಲು. ಸಾಯುವ ಯೋಚನೆ, ಹಾನಿ ಮಾಡಿಕೊಳ್ಳುವ ತುಡಿತ, ಕುಡಿತದಂಥ ಬೇರೆ ತುಡಿತ, ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕಿ. ಆ ತುಡಿತದಂತೆ ನಡೆದುಕೊಂಡಿರಾ, ಹೌದು ಅಥವಾ ಇಲ್ಲ. ದುಃಖ, ಕೋಪ, ನಾಚಿಕೆ, ಭಯ, ಸಂತೋಷ, ಇವಕ್ಕೂ 0ಯಿಂದ 5. ಮಾತ್ರೆ ತೆಗೆದುಕೊಂಡಿರಾ. ಯಾವ ಕೌಶಲ ಬಳಸಿದಿರಿ. ಎರಡು ಮೂರು ನಿಮಿಷದ ಕೆಲಸ, ಹೆಚ್ಚೆಂದರೆ ಐದು.

ಹಾಗಿದ್ದೂ ಇದೇ ಯಾಕೆ ನಿಲ್ಲುತ್ತದೆ? ಮೊದಲನೆಯದು, ವಾರದ್ದನ್ನೆಲ್ಲ ಸೆಷನ್‌ಗೆ ಹೋಗುವ ಬಸ್ಸಿನಲ್ಲಿ ಕೂತು ತುಂಬುವ ಚಾಳಿ. ಸೋಮವಾರದ ಕೋಪ ಶನಿವಾರಕ್ಕೆ ನೆನಪಿರುವುದಿಲ್ಲ. ಇವತ್ತಿನ ಮನಸ್ಸು ಹೇಗಿದೆಯೋ ಇಡೀ ವಾರ ಹಾಗೇ ಇತ್ತೆಂದು ಕೈ ಬರೆದುಬಿಡುತ್ತದೆ. ಮಧ್ಯೆ ದಿನ ತಪ್ಪಿದ್ದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಎರಡನೆಯದು, ಮನೆಯವರ ಕಣ್ಣು. ಒಂದೇ ರೂಮಿನಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲಿ "ಸಾಯುವ ಯೋಚನೆ: 4" ಎಂದು ಯಾರು ಬರೆದಿಡುತ್ತಾರೆ? ಕಾಲಂಗಳಿಗೆ ನಿಮಗೆ ಮಾತ್ರ ಗೊತ್ತಾಗುವ ಅಕ್ಷರ ಇಟ್ಟುಕೊಳ್ಳಿ. ಖರ್ಚಿನ ಲೆಕ್ಕದ ಪುಸ್ತಕದಂತೆ ಕಂಡರೆ ಇನ್ನೂ ಒಳ್ಳೆಯದು. ಮೂರನೆಯದು ಸುಳ್ಳು. ಥೆರಪಿಸ್ಟ್‌ಗೆ ಬೇಜಾರಾಗಬಾರದೆಂದು 4 ಇದ್ದದ್ದನ್ನು 2 ಮಾಡುವುದು. ಇದನ್ನು ಬಹಳ ಜನ ಮಾಡುತ್ತಾರೆ, ಅನುಭವಿ ಥೆರಪಿಸ್ಟ್ ಕಂಡುಹಿಡಿಯುತ್ತಾರೆ.

ಸೆಷನ್‌ನಲ್ಲಿ ಏನು ಮಾತಾಡಬೇಕೆಂದು ತೀರ್ಮಾನಿಸುವುದೂ ಈ ಕಾರ್ಡೇ. ಮೊದಲು ಜೀವಕ್ಕೆ ಅಪಾಯ ತರುವ ನಡವಳಿಕೆ. ಎರಡನೆಯದು ಚಿಕಿತ್ಸೆಗೇ ಅಡ್ಡಬರುವ ನಡವಳಿಕೆ: ತಡವಾಗಿ ಬರುವುದು, ಕಾರ್ಡ್ ತುಂಬದಿರುವುದು. ಥೆರಪಿಸ್ಟೇ ತಡವಾಗಿ ಬರುತ್ತಿದ್ದರೆ ಅದೂ ಇದೇ ಲೆಕ್ಕಕ್ಕೆ. ಆಮೇಲೆ ಕೆಲಸ, ಸಂಬಂಧ, ದುಡ್ಡು ಇತ್ಯಾದಿ. ಬಾಸ್ ಬೈದದ್ದನ್ನು ಹೇಳಿಕೊಳ್ಳಲೆಂದು ಬಂದವರಿಗೆ ಬುಧವಾರದ "ಹೌದು" ಮೇಲೆ ಮುಕ್ಕಾಲು ಗಂಟೆ ಹೋಯಿತೆಂದರೆ ಸಿಟ್ಟು ಬರುತ್ತದೆ. "ಅವರು ನನ್ನ ಮಾತೇ ಕೇಳಲ್ಲ" ಎಂಬ ದೂರು ಹುಟ್ಟುವುದು ಇಲ್ಲಿಂದ. ಕ್ರಮ ಹಾಗಿದೆ, ಮೊದಲೇ ತಿಳಿದಿದ್ದರೆ ಸಿಟ್ಟು ಅರ್ಧವಾಗುತ್ತದೆ.

ಹಂತ 5: ಸರಪಳಿ ಬಿಡಿಸುವುದು

ಕಾರ್ಡ್‌ನಲ್ಲಿ "ಹೌದು" ಬಿದ್ದ ದಿನವನ್ನು ಕೊಂಡಿ ಕೊಂಡಿಯಾಗಿ ಬಿಡಿಸಬೇಕು. ಇದಕ್ಕೆ ಚೈನ್ ಅನಾಲಿಸಿಸ್ ಎನ್ನುತ್ತಾರೆ. ಬೇಸರ ತರಿಸುವ ಕೆಲಸ, ಆದರೆ ಡಿಬಿಟಿಯಲ್ಲಿ ಬದಲಾವಣೆ ಹುಟ್ಟುವ ಜಾಗವೆಂದು ನಾನು ಯಾವುದಾದರೂ ಒಂದನ್ನು ತೋರಿಸಬೇಕಾದರೆ ಇದನ್ನೇ ತೋರಿಸುತ್ತೇನೆ.

ವಿಜಯನಗರದ ಪಿಜಿಯೊಂದರಲ್ಲಿರುವ ಹುಡುಗಿಯೊಬ್ಬಳು ರಾತ್ರಿ ಗೆಳತಿಗೆ ಕೂಗಾಡಿ ವಾಯ್ಸ್ ಮೆಸೇಜ್ ಕಳಿಸಿ, ಬ್ಲಾಕ್ ಮಾಡಿದಳು ಎಂದಿಟ್ಟುಕೊಳ್ಳಿ. ಕೇಳಿದರೆ ಅವಳು ಕೊಡುವ ಕಾರಣ ಒಂದೇ ಸಾಲು: "ಅವಳು ರಿಪ್ಲೈ ಮಾಡಲಿಲ್ಲ." ಬಿಡಿಸಿ ಬರೆದರೆ ಹೀಗಾಗುತ್ತದೆ.

ಆ ದಿನ ಮೈಮನಸ್ಸು ಹೇಗಿತ್ತು: ಹಿಂದಿನ ರಾತ್ರಿ ನಾಲ್ಕು ಗಂಟೆ ನಿದ್ದೆ. ಮಧ್ಯಾಹ್ನ ಊಟ ಬಿಟ್ಟದ್ದು, ಎರಡು ಕಾಫಿ. ಮುಟ್ಟಿನ ಮೊದಲ ದಿನ.

ಕಿಡಿ: 8.40ಕ್ಕೆ "ನಾಳೆ ಬರ್ತೀಯಾ?" ಎಂದು ಕಳಿಸಿದ ಮೆಸೇಜಿಗೆ ನೀಲಿ ಟಿಕ್ ಬಿತ್ತು, ಉತ್ತರವಿಲ್ಲ.

ಕೊಂಡಿಗಳು: "ಬೇಕಂತಲೇ ಮಾಡ್ತಿದಾಳೆ" ಎಂಬ ಯೋಚನೆ. ಎದೆ ಬಿಗಿತ. 8.55ಕ್ಕೆ ಅವಳ ಸ್ಟೇಟಸ್ ತೆರೆದು ನೋಡಿದ್ದು, ಬೇರೆಯವರ ಜೊತೆಗಿನ ಫೋಟೊ. "ನಾನು ಯಾರಿಗೂ ಬೇಡ." ನಾಚಿಕೆ 4. ಊಟಕ್ಕೆ ಇಳಿಯದೆ ದೀಪ ಆರಿಸಿ ಮಲಗಿದ್ದು. ಒಂದೂವರೆ ಗಂಟೆ ಹಳೆಯ ಚಾಟ್ ಓದಿದ್ದು. ನಾಚಿಕೆ ಹೋಗಿ ಕೋಪ 5.

ನಡವಳಿಕೆ: 10.50ಕ್ಕೆ ವಾಯ್ಸ್ ಮೆಸೇಜ್, ಬ್ಲಾಕ್.

ಪರಿಣಾಮ: ಹತ್ತು ನಿಮಿಷ ಎದೆ ಹಗುರ. ಗೆಳತಿ ಬೇರೆಯವರ ಫೋನಿನಿಂದ ಕೂಡಲೇ ಕರೆ ಮಾಡಿ ಸಮಾಧಾನ ಮಾಡಿದಳು. ಬೆಳಿಗ್ಗೆ ವಿಪರೀತ ನಾಚಿಕೆ. ವಾರಾಂತ್ಯದ ಸುತ್ತಾಟ ರದ್ದು.

ಈಗ ನೋಡಿ. ಉತ್ತರ ಬರದಿರುವುದನ್ನು ಅವಳು ತಡೆಯಲಾರಳು. ಮಧ್ಯಾಹ್ನದ ಊಟ, ಸ್ಟೇಟಸ್ ತೆರೆದದ್ದು, ಕತ್ತಲಲ್ಲಿ ಮಲಗಿ ಹಳೆಯ ಚಾಟ್ ಓದಿದ್ದು, ಇವು ಅವಳ ಕೈಯಲ್ಲಿದ್ದವು. ಸರಪಳಿ ಕತ್ತರಿಸಲು ಕೊನೆಯ ಕೊಂಡಿ ಎಲ್ಲಕ್ಕಿಂತ ಕಷ್ಟ, 8.55ರದ್ದು ಸುಲಭ. ಇನ್ನೊಂದು, ಗೆಳತಿ ಓಡಿಬಂದು ಸಮಾಧಾನ ಮಾಡಿದ್ದು. ಕೂಗಾಡಿದರೆ ಜನ ಬರುತ್ತಾರೆ ಎಂದು ಮೆದುಳು ಕಲಿಯುತ್ತದೆ. ಅವಳು ನಾಟಕ ಮಾಡುತ್ತಿದ್ದಾಳೆ ಎಂದು ಇದರ ಅರ್ಥವಲ್ಲ. ಅವಳಿಗೆ ಗೊತ್ತಿಲ್ಲದೆಯೇ ಆಗುವ ಕಲಿಕೆ ಇದು.

ಸಾಮಾನ್ಯ ತಪ್ಪು: "ಏನಾಯ್ತೋ ಗೊತ್ತಿಲ್ಲ, ಒಮ್ಮೆಲೇ ಆಗೋಯ್ತು" ಎಂದು ನಿಲ್ಲಿಸುವುದು. ಆಗ ಗಡಿಯಾರ ಹಿಡಿಯಿರಿ. 8.40ಕ್ಕೆ ಎಲ್ಲಿ ಕೂತಿದ್ದಿರಿ? ಕೈಯಲ್ಲಿ ಏನಿತ್ತು? ಆಮೇಲೆ? ಸರಪಳಿಯನ್ನು ಶಿಕ್ಷೆಯಂತೆ ಬರೆಯುವುದು ಇನ್ನೊಂದು ತಪ್ಪು. "ನನ್ನ ಕೆಟ್ಟ ಬುದ್ಧಿ" ಎಂಬುದು ಕೊಂಡಿಯಲ್ಲ, ತೀರ್ಪು. ಹೊಡೆದು ಹಾಕಿ.

ಹಂತ 6: ಮನಸ್ಸು ತಣ್ಣಗಿರುವಾಗ ಅಭ್ಯಾಸ

ಗ್ರೂಪ್‌ನಲ್ಲಿ ನಾಲ್ಕು ಪಾಠಗಳಿರುತ್ತವೆ: ಮೈಂಡ್‌ಫುಲ್‌ನೆಸ್, ಸಂಕಟ ತಾಳುವುದು, ಭಾವನೆಯ ಹತೋಟಿ, ಜನರೊಂದಿಗೆ ನಡೆದುಕೊಳ್ಳುವುದು. ಒಂದು ಸುತ್ತಿಗೆ ಸುಮಾರು 24 ವಾರ. ಬಹಳ ಕಡೆ ಎರಡು ಸುತ್ತು ಮಾಡಿಸುತ್ತಾರೆ. ಮೈಂಡ್‌ಫುಲ್‌ನೆಸ್ ಪ್ರತಿ ಪಾಠದ ಮೊದಲೂ ಮತ್ತೆ ಬರುತ್ತದೆ, "ಇದು ಆಗಲೇ ಆಯ್ತಲ್ಲ" ಎಂದು ತಪ್ಪಿಸಬೇಡಿ. ಗ್ರೂಪ್ ಎಂದರೆ ಕಷ್ಟ ಹಂಚಿಕೊಳ್ಳುವ ಸಭೆಯೂ ಅಲ್ಲ, ಪಕ್ಕಾ ತರಗತಿ. ಮೊದಲರ್ಧ ಹೋಮ್‌ವರ್ಕ್ ಪರಿಶೀಲನೆ, ಉಳಿದರ್ಧ ಹೊಸ ಪಾಠ.

ಮೈಂಡ್‌ಫುಲ್‌ನೆಸ್ ಎಂದರೆ ಪದ್ಮಾಸನ ಹಾಕಿ ಮನಸ್ಸು ಖಾಲಿ ಮಾಡುವುದು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿ. ಇಲ್ಲಿ ಅದು ಬೇಡ. ಪಾತ್ರೆ ತೊಳೆಯುವಾಗ ನೀರಿನ ಬಿಸಿ, ಸೋಪಿನ ಜಾರು, ತಳದ ಕರಕಲು ಮಾತ್ರ ಗಮನಿಸಿ. ಯೋಚನೆ ಬಂದರೆ "ಯೋಚನೆ ಬಂತು" ಎಂದುಕೊಂಡು ಪಾತ್ರೆಗೆ ಮರಳಿ. ಮೂರು ನಿಮಿಷ ಸಾಕು. ಕಂಡದ್ದನ್ನು ಕಂಡಂತೆ ಹೇಳುವುದು, ಒಳ್ಳೆಯದು ಕೆಟ್ಟದ್ದು ಎನ್ನದಿರುವುದು, ಒಂದು ಹೊತ್ತಿಗೆ ಒಂದೇ ಕೆಲಸ. "ಅವಳು ನನ್ನ ಕಡೆಗಣಿಸಿದಳು" ಎಂಬುದು ವ್ಯಾಖ್ಯಾನ, "ಎರಡು ಗಂಟೆ ಉತ್ತರ ಬಂದಿಲ್ಲ" ಎಂಬುದು ಕಂಡದ್ದು. ಈ ವ್ಯತ್ಯಾಸ ಕೈಗೆ ಬಂದರೆ ಮುಂದಿನ ಹಂತಗಳೆಲ್ಲ ಸಲೀಸು.

ಹಂತ 7: ಬಿಕ್ಕಟ್ಟಿನ ರಾತ್ರಿಗೆ

ಭಾವನೆ 5ಕ್ಕೆ ಮುಟ್ಟಿದಾಗ ಬುದ್ಧಿಮಾತು ತಲೆಗೆ ಹೋಗುವುದಿಲ್ಲ, ನಿಮ್ಮದೇ ಬುದ್ಧಿಮಾತಾದರೂ ಸರಿ. ಮೊದಲು ಮೈಯನ್ನು ಇಳಿಸಬೇಕು. ಡಿಬಿಟಿಯಲ್ಲಿ ಇದಕ್ಕೆ ಟಿಪ್ ಎನ್ನುತ್ತಾರೆ, ನಾಲ್ಕು ಉಪಾಯ.

ತಣ್ಣೀರು. ಅಗಲ ಪಾತ್ರೆಯಲ್ಲಿ ತಣ್ಣನೆ ನೀರು ಹಾಕಿ, ಬಾಗಿ, ಉಸಿರು ಹಿಡಿದು, ಕಣ್ಣು ಕೆನ್ನೆ ಮುಳುಗುವಂತೆ ಸುಮಾರು 30 ಸೆಕೆಂಡ್ ಇಡಿ. ನೀರಲ್ಲಿ ಮುಳುಗಿದಾಗ ಹೃದಯದ ಬಡಿತವನ್ನು ತಾನಾಗಿ ತಗ್ಗಿಸುವ ದೇಹದ ಪ್ರತಿಕ್ರಿಯೆಯೊಂದಿದೆ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಗುವುದು, ಉಸಿರು ಹಿಡಿಯುವುದು, ಕಣ್ಣಿನ ಸುತ್ತ ತಂಪು ತಾಗುವುದು, ಮೂರೂ ಬೇಕು. ಸುಮ್ಮನೆ ಮುಖ ತೊಳೆದರೆ ಆಗುವುದಿಲ್ಲ, ಅಂಗೈಯಲ್ಲಿ ಐಸ್ ಹಿಡಿದರೂ ಅದೇ ಪರಿಣಾಮ ಸಿಗುವುದಿಲ್ಲ. ಪಿಜಿಯಲ್ಲಿ ಫ್ರಿಜ್ ಇಲ್ಲವೇ? ಅಂಗಡಿಯ ತಣ್ಣನೆ ಬಾಟಲಿ ನೀರಲ್ಲಿ ಕರವಸ್ತ್ರ ಅದ್ದಿ ಕಣ್ಣು ಕೆನ್ನೆ ಮೇಲೆ ಒತ್ತಿ ಹಿಡಿಯಿರಿ. ಐಸ್ ತುಂಬಿದ ಬಕೆಟ್ ಬೇಡ, 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಹೋಗಬೇಡಿ. ಎಚ್ಚರಿಕೆ: ಹೃದಯದ ತೊಂದರೆ ಇರುವವರು, ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು, ಊಟ ಬಿಡುವ ಅಥವಾ ವಾಂತಿ ಮಾಡಿಕೊಳ್ಳುವ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ರೀಲ್‌ಗಳಲ್ಲಿ ಈ ಸಾಲು ಬರುವುದೇ ಇಲ್ಲ.

ಬಿರುಸಿನ ವ್ಯಾಯಾಮ. ಹತ್ತು ಹದಿನೈದು ನಿಮಿಷ ಮೆಟ್ಟಿಲು ಹತ್ತಿ ಇಳಿಯಿರಿ.

ಉಸಿರಾಟ. ಒಳಗೆ ಐದು ಎಣಿಕೆ, ಹೊರಗೆ ಏಳು. ನಿಮಿಷಕ್ಕೆ ಐದಾರು ಉಸಿರು ಬಂದರೆ ಸರಿ. ಒಳಗಿನದಕ್ಕಿಂತ ಹೊರಗಿನದು ಉದ್ದವಿರಬೇಕು, ಗುಟ್ಟು ಅಷ್ಟೇ.

ಸ್ನಾಯು. ಉಸಿರು ಒಳಗೆಳೆಯುತ್ತಾ ಮುಷ್ಟಿ ಬಿಗಿ, ಬಿಡುತ್ತಾ ಸಡಿಲ. ಆಮೇಲೆ ಭುಜ, ಹೊಟ್ಟೆ, ಕಾಲು.

ಇದೆಲ್ಲ ಕೊಡುವುದು ಕೆಲವು ನಿಮಿಷಗಳ ಇಳಿತ. ಆ ಹೊತ್ತನ್ನು ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು: ಕೆಳಗೆ ಹೋಗಿ ಊಟ, ಅಕ್ಕನಿಗೆ ಫೋನ್, ಇಲ್ಲಾ ಥೆರಪಿಸ್ಟ್‌ಗೆ ಕರೆ. ಟಿಪ್ ಮಾಡಿ ಮತ್ತೆ ಅದೇ ಚಾಟ್ ಓದಲು ಕೂತರೆ ಇಪ್ಪತ್ತು ನಿಮಿಷಕ್ಕೆ ಮತ್ತೆ 5. ಇನ್ನೊಂದು ತಪ್ಪು, ಸಣ್ಣಪುಟ್ಟದ್ದಕ್ಕೆಲ್ಲ ಟಿಪ್ ಮಾಡುವುದು. ಬಿಕ್ಕಟ್ಟನ್ನು ಇನ್ನಷ್ಟು ಕೆಡಿಸದೆ ದಾಟಲು ಇರುವ ಉಪಾಯವಿದು. ದಿನವೂ ಬೇಕಾಗುತ್ತಿದ್ದರೆ ಮೂಲ ಸಮಸ್ಯೆಯನ್ನು ಮುಟ್ಟಿಲ್ಲವೆಂದು ಅರ್ಥ.

ಫೋನ್ ಕೋಚಿಂಗ್‌ಗೂ ಕ್ರಮವಿದೆ. ಕರೆ ಹಾನಿಯಾಗುವ ಮೊದಲು ಹೋಗಬೇಕು, ಹತ್ತು ನಿಮಿಷದೊಳಗೆ ಮುಗಿಯಬೇಕು. "ಈಗ ತುಡಿತ 4. ತಣ್ಣೀರು ಮಾಡಿದೆ, 3ಕ್ಕೆ ಬಂತು, ಮುಂದೆ ಏನು ಮಾಡಲಿ?" ಎಂದು ಕೇಳಿ. ಹಾನಿ ಮಾಡಿಕೊಂಡ ಮೇಲೆ 24 ಗಂಟೆ ಥೆರಪಿಸ್ಟ್‌ಗೆ ಹೆಚ್ಚುವರಿ ಕರೆ ಇಲ್ಲ ಎಂಬ ನಿಯಮವೂ ಇದೆ. ಮೇಲಿನ ಗೆಳತಿಯ ಉದಾಹರಣೆ ನೆನಪಿದ್ದರೆ ಯಾಕೆಂದು ಗೊತ್ತಾಗುತ್ತದೆ. ಪ್ರಾಣಕ್ಕೆ ಅಪಾಯವಿದ್ದಾಗ ಈ ನಿಯಮ ಅನ್ವಯಿಸುವುದಿಲ್ಲ, ಆಗ ನೇರ ಆಸ್ಪತ್ರೆ.

ಇದೇ ಪಾಠದಲ್ಲಿ ಪೂರ್ಣ ಒಪ್ಪಿಕೊಳ್ಳುವಿಕೆ ಎಂಬ ಕೌಶಲ ಬರುತ್ತದೆ. ನಮ್ಮಲ್ಲಿ ಇದನ್ನು "ಹಣೆಬರಹ, ಅನುಸರಿಸಿಕೊಂಡು ಹೋಗು" ಎಂದು ಓದಿಕೊಳ್ಳುತ್ತಾರೆ, ಹೆಣ್ಣುಮಕ್ಕಳಿಗಂತೂ ಮನೆಯವರು ಹಾಗೇ ತಿರುಗಿಸಿ ಹೇಳುತ್ತಾರೆ. ಆಗಿಹೋದದ್ದನ್ನು ಆಗಲಿಲ್ಲ ಎಂದು ಜಗಳಾಡದಿರುವುದು ಮಾತ್ರ ಅದು. ಗಂಡ ಹೊಡೆಯುತ್ತಾನೆ ಎಂಬ ಸತ್ಯವನ್ನು ಒಪ್ಪಿಕೊಂಡವಳು ಮುಂದಿನ ಹೆಜ್ಜೆ ಇಡುತ್ತಾಳೆ: 181 ಮಹಿಳಾ ಸಹಾಯವಾಣಿ, ತವರು, ವಕೀಲರು. ಹೊಡೆತ ತಾಳಿಕೊಳ್ಳುವುದು ಡಿಬಿಟಿ ಕೌಶಲವಲ್ಲ. ಹಾಗೆಂದು ಯಾರಾದರೂ ಕಲಿಸಿದರೆ ಎದ್ದು ಬನ್ನಿ.

ಹಂತ 8: ಭಾವನೆಯ ಲೆಕ್ಕ ನೋಡುವುದು

ಅಂಕಿ 3ರ ಕೆಳಗೆ ಇಳಿದಾಗ ಮಾತ್ರ ಈ ಕೆಲಸ. ಕೇಳಿಕೊಳ್ಳಿ: ನಿಜಕ್ಕೂ ಏನಾಯಿತು? ನಾನು ಸೇರಿಸಿದ್ದೆಷ್ಟು? ಬೇರೆ ಅರ್ಥ ಇರಬಹುದೇ? ನಾನು ಹೆದರುತ್ತಿರುವುದು ಆದರೂ ತಡೆದುಕೊಳ್ಳುವುದು ಹೇಗೆ? ಭಾವನೆ ಸಂಗತಿಗೆ ಹೊಂದುತ್ತದೆಯೇ, ಅದರ ಅಳತೆ ಹೊಂದುತ್ತದೆಯೇ?

ಹೊಂದಿದರೆ ಸಮಸ್ಯೆ ಬಿಡಿಸಿ. ಹೊಂದದಿದ್ದರೆ ಭಾವನೆ ಹೇಳುವುದಕ್ಕೆ ವಿರುದ್ಧ ಮಾಡಿ. ಭಯ ಓಡು ಎನ್ನುತ್ತದೆ, ಹತ್ತಿರ ಹೋಗಿ. ದುಃಖ ಮಲಗು ಎನ್ನುತ್ತದೆ, ಎದ್ದು ಹೊರಗೆ ನಡೆಯಿರಿ. ಕೋಪ ಮೇಲೆರಗು ಎನ್ನುತ್ತದೆ, ಮೆಲ್ಲಗೆ ದೂರ ಸರಿಯಿರಿ. ತಪ್ಪಿಲ್ಲದೆ ಕಾಡುವ ನಾಚಿಕೆ ಅಡಗಿಕೋ ಎನ್ನುತ್ತದೆ, ನಿಮ್ಮನ್ನು ದೂಡದ ಒಬ್ಬರ ಮುಂದೆ ಹೇಳಿ. ಅರ್ಧಂಬರ್ಧ ಮಾಡಿದರೆ ಪ್ರಯೋಜನವಿಲ್ಲ. ಮದುವೆ ಮನೆಗೆ ಹೋಗಿ ಮೂಲೆಯಲ್ಲಿ ತಲೆ ತಗ್ಗಿಸಿ ಫೋನ್ ನೋಡುತ್ತಾ ಕೂರುವುದು ಹತ್ತಿರ ಹೋದಂತಲ್ಲ. ತಲೆ ಎತ್ತಬೇಕು, ಇಬ್ಬರನ್ನು ಮಾತಾಡಿಸಬೇಕು, ಭಯ ಇಳಿಯುವವರೆಗೆ ಇರಬೇಕು. ಅಪಾಯ ನಿಜವಿದ್ದಾಗ ಈ ಕೌಶಲವನ್ನು ಮುಟ್ಟಲೇಬೇಡಿ.

ಊಟ, ನಿದ್ದೆ, ಕಾಯಿಲೆಗೆ ಔಷಧಿ, ಕುಡಿತದಿಂದ ದೂರ, ದಿನವೂ ಸ್ವಲ್ಪ ನಡಿಗೆ. ಇದನ್ನು ಅಜ್ಜಿಯೂ ಹೇಳುತ್ತಾಳೆ ಎಂದು ಎಲ್ಲರೂ ಪುಟ ತಿರುಗಿಸುತ್ತಾರೆ. ನಿಮ್ಮ ನಾಲ್ಕೈದು ಸರಪಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಮೊದಲ ಸಾಲಿನಲ್ಲಿ ನಿದ್ದೆ ಎಷ್ಟು ಸಲ ಬಂದಿದೆ ಎಂದು.

ಹಂತ 9: ಕೇಳುವುದು, ಬೇಡವೆನ್ನುವುದು

ಬೇಕಾದ್ದನ್ನು ಕೇಳುವ ಕ್ರಮಕ್ಕೆ ಡಿಯರ್ ಮ್ಯಾನ್ ಎನ್ನುತ್ತಾರೆ, ಅದರ ಹೆಜ್ಜೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದ್ದು. ಮೊದಲು ನಡೆದದ್ದನ್ನು ಹೇಳಿ, ಆಮೇಲೆ ನಿಮಗಾದದ್ದು, ಆಮೇಲೆ ಸ್ಪಷ್ಟ ಬೇಡಿಕೆ, ಕೊನೆಗೆ ಅದರಿಂದ ಅವರಿಗೇನು ಒಳ್ಳೆಯದು. ಮಾತು ಜಾರಿದರೆ ಅದೇ ಬೇಡಿಕೆಗೆ ಮರಳಿ. ತಲೆ ತಗ್ಗಿಸಬೇಡಿ. ಕೊಡುಕೊಳ್ಳುವುದಕ್ಕೆ ಸಿದ್ಧವಿರಿ.

"ಅಮ್ಮಾ, ಈ ವಾರ ಮೂರು ಸಲ ರಾತ್ರಿ ಹತ್ತರ ಮೇಲೆ ಫೋನ್ ಮಾಡ್ದಾಗ ಗಂಡಿನ ವಿಷಯ ಬಂತು. ಆಮೇಲೆ ನಂಗೆ ನಿದ್ದೆ ಬರಲ್ಲ. ರಾತ್ರಿ ಹೊತ್ತು ಆ ಮಾತು ಬೇಡ, ಭಾನುವಾರ ಬೆಳಿಗ್ಗೆ ಮಾತಾಡೋಣ. ಹಂಗಾದ್ರೆ ನಾನೂ ಫೋನ್ ಎತ್ತದೆ ತಪ್ಪಿಸ್ಕೊಳಲ್ಲ."

"ಓದಿಸಿದ್ದೇ ತಪ್ಪಾಯ್ತು ನೋಡು, ಈಗ ಅಮ್ಮಂಗೇ ಟೈಮ್‌ಟೇಬಲ್ಲಾ?"

ಇಲ್ಲಿಗೆ ಹಳೆಯ ಜಗಳ ಶುರುವಾಗಬೇಕಿತ್ತು. "ನಿನ್ ಚಿಂತೆ ನಂಗೆ ಅರ್ಥ ಆಗುತ್ತಮ್ಮಾ. ಭಾನುವಾರ ಮಾತಾಡೋಣ." ಮತ್ತೆ ಕೆಣಕಿದರೆ, "ಭಾನುವಾರ ಆಗಲ್ಲ ಅಂದ್ರೆ ನೀನೇ ದಿನ ಹೇಳು, ಹಗಲು ಹೊತ್ತಿರಲಿ." ಓದಿಸಿದ್ದರ ಬಗ್ಗೆ ಒಂದಕ್ಷರವೂ ಉತ್ತರವಿಲ್ಲ, ಗಮನಿಸಿ. ಅಮ್ಮನ ಚಿಂತೆಯೂ ನಿಜ, ಮಗಳ ನಿದ್ದೆಯೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಡಿಬಿಟಿಯ ತಿರುಳು. ಕನ್ನಡಿ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡದೆ ನಿಜವಾದ ಫೋನಿಗೆ ಇಳಿಯಬೇಡಿ. ಮೊದಲು ಅಂಗಡಿಯವನ ಹತ್ತಿರ ಚಿಲ್ಲರೆ ಕೇಳುವಂಥ ಸಣ್ಣ ಕೆಲಸದಿಂದ ಶುರುಮಾಡಿ, ಅಮ್ಮ ಕೊನೆಗಿರಲಿ.

ಮನೆಯವರು ಮಾಡಬೇಕಾದ್ದು

"ನಾಟಕ ಮಾಡ್ಬೇಡ" ಎಂಬ ಮಾತನ್ನು ಮನೆಯಿಂದಲೇ ತೆಗೆದುಹಾಕಿ. "ನಿನಗೆ ಅಷ್ಟು ನೋವಾಗಿದೆ ಅಂತ ಕಾಣ್ತಿದೆ" ಎಂದರೆ ಚಿಕಿತ್ಸೆಯಲ್ಲಿರುವವರು ಮಾಡಿದ್ದನ್ನೆಲ್ಲ ಒಪ್ಪಿದಂತಾಗುವುದಿಲ್ಲ. ಬಿಕ್ಕಟ್ಟಾದಾಗ ಮಾತ್ರ ಎಲ್ಲರೂ ಸುತ್ತ ಸೇರಿ, ಉಳಿದ ದಿನ ಯಾರೂ ತಿರುಗಿ ನೋಡದಿದ್ದರೆ ಬಿಕ್ಕಟ್ಟಿಗೇ ನೀರೆರೆದಂತೆ. ಸಾಮಾನ್ಯ ಮಂಗಳವಾರದ ಸಂಜೆ ಜೊತೆಗೆ ಕೂತು ಕಾಫಿ ಕುಡಿಯಿರಿ. ಆದರೆ ಸಾಯುವ ಮಾತು ಬಂದಾಗ "ಗಮನ ಸೆಳೆಯೋಕೆ" ಎಂದು ಎಂದೂ ಕಡೆಗಣಿಸಬೇಡಿ. ಮಾತ್ರೆಗಳು ಒಬ್ಬರ ಕೈಯಲ್ಲಿ, ಬೀಗದೊಳಗಿರಲಿ. ತೋಟದ ಮನೆಯವರು ಕೀಟನಾಶಕವನ್ನು ಮನೆಯೊಳಗೆ ಇಡಲೇಬಾರದು. ಡೈರಿ ಕಾರ್ಡ್ ಕದ್ದು ಓದಬೇಡಿ, ಓದಿದ ದಿನದಿಂದ ಅದರಲ್ಲಿ ನಿಜ ಇರುವುದಿಲ್ಲ.

ಸರಿದಾರಿಯ ಗುರುತು, ಅಪಾಯದ ಗುರುತು

ಮೊದಲು ಕಡಿಮೆಯಾಗುವುದು ನಡವಳಿಕೆ: "ಹೌದು" ಬೀಳುವ ದಿನಗಳು. ತುಡಿತದ ಅಂಕಿ ಇಳಿಯುವುದು ಅದರ ಹಿಂದೆ. ದುಃಖ, ಒಂಟಿತನ ಇಳಿಯಲು ಇನ್ನೂ ತಡ. ಆದ್ದರಿಂದ ಆರು ತಿಂಗಳಾದರೂ "ಒಳಗೆ ಹಾಗೇ ಇದೆ" ಅನ್ನಿಸಿದರೆ ಕಾರ್ಡ್ ತೆಗೆದು ಕಾಲಂಗಳನ್ನು ಬೇರೆ ಬೇರೆ ನೋಡಿ. ಹಳೆಯ ಚಾಳಿ ಹೋಗುವ ಮುಂಚೆ ಒಮ್ಮೆ ಜೋರಾಗಿ ಏಳುವುದೂ ಉಂಟು. ಅದು ಸೋಲಲ್ಲ, ಥೆರಪಿಸ್ಟ್‌ಗೆ ತಿಳಿಸಿ.

ತಡಮಾಡದೆ ಹೇಳಬೇಕಾದವು ಬೇರೆ. ಸಾಯುವ ಯೋಚನೆಯ ಜೊತೆ ಯಾವಾಗ, ಹೇಗೆ ಎಂಬ ಯೋಜನೆ ಸೇರಿಕೊಂಡದ್ದು. ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದ್ದು. ಬಹಳ ದಿನದ ಕುದಿತದ ನಂತರ ಕಾರಣವಿಲ್ಲದೆ ಬಂದ ನಿರಾಳ. ಮಾತ್ರೆ ತಾನಾಗಿ ನಿಲ್ಲಿಸಿದ್ದು. ಇದರಲ್ಲಿ ಯಾವುದು ಕಂಡರೂ ಮುಂದಿನ ಸೆಷನ್‌ವರೆಗೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ.

ಥೆರಪಿಸ್ಟ್ ಕಡೆಯ ಗುರುತುಗಳೂ ಇವೆ: ಕಾರ್ಡ್ ಕೇಳುವುದನ್ನೇ ಬಿಟ್ಟರು, ಹಾನಿಯ ವಿಷಯ ಬಂದರೆ ಮಾತು ಬದಲಿಸುತ್ತಾರೆ, ನಿಮ್ಮ ಒಪ್ಪಿಗೆಯಿಲ್ಲದೆ ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳುತ್ತಾರೆ. ವಯಸ್ಕರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ ತಿಳಿಸುವುದು ಅದಕ್ಕೆ ಹೊರತು. ದೂರಿದ್ದರೆ ಮೊದಲು ಅವರ ಮುಂದೆಯೇ ಇಡಿ, ಒಂಬತ್ತನೇ ಹಂತದ ಕ್ರಮದಲ್ಲೇ. ಎರಡು ಸೆಷನ್ ಕಳೆದರೂ ಬದಲಾಗದಿದ್ದರೆ ಬೇರೆಯವರನ್ನು ಹುಡುಕಿ, ಹೋಗುವಾಗ ನಿಮ್ಮ ಕಾರ್ಡ್‌ಗಳನ್ನೂ ಸರಪಳಿಗಳನ್ನೂ ಜೊತೆಗೆ ಒಯ್ಯಿರಿ. ಹೊಸ ಥೆರಪಿಸ್ಟ್ ಮೊದಲು ಕೇಳುವುದು ಅವನ್ನೇ.